ಬೆಳಗ್ಗೆ ಬೆಚ್ಚಗಿರುವ ಕಲ್ಲು

ಇದೇ ಬಾಗಿಲಿರಬೇಕೆ? ಇದಾಗಿರಲಾರದು, ಇದು ಮದುವೆ ಬ್ಯಾಂಡಿನವರ ಅಂಗಡಿ. ಆದರೆ ಚಿಲಕಕ್ಕೆ ಹಳೆಯ ತುತ್ತೂರಿಯೊಂದನ್ನು ತಲೆಕೆಳಗಾಗಿ ನೇತುಹಾಕಿದ್ದಾರೆ, ಬ್ರಾಂದಿ ಅಂಗಡಿಯವನು ಹೇಳಿದ ಗುರುತು ಅದೇ. ಒಳಗೆ ಹೋಗಿ ಏನೆಂದು ಕೇಳುವುದು? ಇಲ್ಲಿ ಕುಡುಕರು ಸೇರುತ್ತಾರಂತೆ, ಹೌದೇ ಎಂದು ಕೇಳಿದರೆ, ಅಲ್ಲದಿದ್ದಲ್ಲಿ ಅವರು ನಗುತ್ತಾರೆ. ಹೌದಾದರೆ ನಾನೊಬ್ಬ ಕುಡುಕ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ. ಎರಡರಲ್ಲಿ ಅವರು ನಗುವುದೇ ವಾಸಿ ಅನ್ನಿಸಿತು. ಬೀದಿಯ ಕೊನೆಯ ಹಿಟ್ಟಿನ ಗಿರಣಿಯವರೆಗೆ ಹೋಗಿ ಬಂದೆ. ಮತ್ತೆ ಹೋಗಿ ಬಂದೆ. ತುತ್ತೂರಿ ಅಲ್ಲೇ ಇತ್ತು.

ನಾನು ಆ ಜಾಗವನ್ನು ಹುಡುಕುತ್ತಿದ್ದುದು ಅದು ಮೂರನೆಯ ಸಂಜೆ. ಬೇರೆ ಊರುಗಳಲ್ಲಾದರೆ ಗೋಡೆಯ ಮೇಲೆ ಬರೆದಿರುತ್ತಾರಂತೆ, ಇಂಥ ವಾರ, ಇಷ್ಟು ಗಂಟೆಗೆ, ಇಂಥ ಕಡೆ ಎಂದು. ನಮ್ಮೂರಿನಲ್ಲಿ ಹಾಗೆ ಬರೆಯುವ ಧೈರ್ಯ ಯಾರಿಗೂ ಇಲ್ಲ. ಬರೆದ ಮೇಲೆ ಅದು ಕೊಟ್ಟ ಮಾತಾಗುತ್ತದೆ. ಕೊಟ್ಟ ಮಾತು ತಪ್ಪಿದರೆ, ಮಾತು ಪಡೆದವರ ಹೊಸ್ತಿಲ ಮುಂದೆ ಮರುದಿನ ಬೆಳಕು ಹರಿಯುವ ಹೊತ್ತಿಗೆ ಒಂದು ಕಲ್ಲು ಬಿದ್ದಿರುತ್ತದೆ. ಬೂದು ಬಣ್ಣದ, ಸುಲಿಯದ ತೆಂಗಿನಕಾಯಿಯಷ್ಟು ದಪ್ಪದ ಕಲ್ಲು. ಸಣ್ಣ ಮಾತಿಗೂ ಅಷ್ಟೇ, ದೊಡ್ಡ ಮಾತಿಗೂ ಅಷ್ಟೇ. ಅದನ್ನು ನಾವು ಮಾತುಗಲ್ಲು ಎನ್ನುತ್ತೇವೆ. ತಪ್ಪಿದವರ ಮನೆಗೆ ಬೀಳುವುದಿಲ್ಲ ಎನ್ನುವುದೇ ಅದರ ವಿಚಿತ್ರ. ಕಾಯ್ದು ಕೂತವರ ಮನೆಗೇ ಬೀಳುತ್ತದೆ. ಹೊತ್ತು ಹಾಕಬೇಕಾದವರೂ ಅವರೇ. ಊರಾಚೆ ಎಸೆದು ಬಂದರೆ ಮರುದಿನ ಮತ್ತೆ ಅಲ್ಲೇ ಇರುತ್ತದೆ, ಹಾಗಾಗಿ ಎಲ್ಲರೂ ತಮ್ಮ ಅಂಗಳದಲ್ಲೇ ಅದಕ್ಕೊಂದು ಕೆಲಸ ಹುಡುಕುತ್ತಾರೆ. ಬಟ್ಟೆ ಒಗೆಯುವ ಕಟ್ಟೆಗೆ, ಹಂಡೆಯ ಒಲೆಗೆ, ಕಾಂಪೌಂಡಿಗೆ.

ಇದರಿಂದ ನಮ್ಮೂರಿನ ಮಾತೇ ಒಂದು ಥರ. ದರ್ಜಿ 'ಗುರುವಾರ ಕೊಡ್ತೀನಿ' ಅನ್ನುವುದಿಲ್ಲ, 'ಗುರುವಾರದ ಕಡೆ ಒಂದು ಸಲ ಇಣುಕಿ ನೋಡಿ' ಅನ್ನುತ್ತಾನೆ. ನಾನು ಕರಡು ತಿದ್ದುವ ಪ್ರೆಸ್ಸಿನಲ್ಲಿ ಮದುವೆ ಕಾಗದ ಅಚ್ಚಾಗುವುದು 'ಎಲ್ಲ ಕೂಡಿಬಂದಲ್ಲಿ ಮದುವೆ ನಡೆಯುವ ಸಂಭವವಿದೆ' ಎಂದು. ತಾಯಂದಿರು ಮಕ್ಕಳನ್ನು ಬೈಯುವಾಗಲೂ ಎಚ್ಚರದಿಂದಿರಬೇಕು. 'ಕಾಲು ಮುರಿದು ಕೈಗೆ ಕೊಡ್ತೀನಿ' ಎಂದು ಅಂದು, ಮುರಿಯದೆ ಬಿಟ್ಟರೆ ಅದಕ್ಕೂ ಒಂದು ಕಲ್ಲು. ಎಷ್ಟೋ ಮನೆಗಳ ಮುಂದೆ ಮಕ್ಕಳು ಅಂಥ ಕಲ್ಲುಗಳ ಮೇಲೆ ಕೂತು ಆಡಿಕೊಳ್ಳುತ್ತಿರುತ್ತಾರೆ. ಅವು ಯಾರಿಗೂ ಭಾರವಲ್ಲ. ಹೆಣ್ಣು ಕೊಡುವವರು ತರುವವರು ಮಾತ್ರ ಮಾತಿಗೆ ಮೊದಲು ಹಿತ್ತಲಿಗೆ ಹೋಗಿ ಕೈ ತೊಳೆಯುವ ನೆಪದಲ್ಲಿ ಕಲ್ಲು ನೋಡಿ ಬರುತ್ತಾರೆ.

ನಮ್ಮ ಹಿತ್ತಲಿನಲ್ಲಿ ಮೂವತ್ತೆಂಟು ಕಲ್ಲುಗಳಿದ್ದವು. ಮೂವತ್ತೆಂಟೂ ನಾನು ಅಕ್ಕನಿಗೆ ಕೊಟ್ಟ ಮಾತಿನವು, ಮೂವತ್ತೆಂಟೂ ಒಂದೇ ಮಾತು. ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಇಪ್ಪತ್ತು. ರವಿಕೆ ಹೊಲಿದು ಹೊಲಿದು ನನ್ನನ್ನು ಎಂ.ಎ.ವರೆಗೆ ಓದಿಸಿದವಳು ಅವಳು. ನಾನು ಕುಡಿಯುವುದಕ್ಕೆ ಒಂದು ದೊಡ್ಡ ಕಾರಣವಿದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಓದಿದವನಿಗೆ ಈ ಊರಿನಲ್ಲಿ ಮಾತಾಡಲು ಯಾರೂ ಇಲ್ಲ, ಸುಮ್ಮನಿರುವುದನ್ನು ಸಹಿಸಿಕೊಳ್ಳಲು ಏನಾದರೂ ಬೇಕು ಎಂಬಂಥ ಕಾರಣ. ಕಾರಣ ಅದಲ್ಲ. ಸಂಜೆಯಾದರೆ ಕೈ ತಾನಾಗಿ ಆ ಕಡೆ ಹೋಗುತ್ತಿತ್ತು, ಅಷ್ಟೇ. ಬೆಳಗ್ಗೆ ಅಕ್ಕನ ಕಾಲು ಹಿಡಿದು ಅಳುತ್ತಿದ್ದೆ. 'ಇನ್ನು ಮುಟ್ಟಲ್ಲ ಅಕ್ಕಾ' ಎನ್ನುತ್ತಿದ್ದೆ. ವಾರವೋ ಹದಿನೈದು ದಿನವೋ ಕಳೆಯುತ್ತಿತ್ತು. ಒಂದು ಮುಂಜಾನೆ ನಾನು ಇನ್ನೂ ಮಂಪರಿನಲ್ಲಿ ಬಿದ್ದಿರುವಾಗ ಅವಳು ಎದ್ದು ಬಾಗಿಲು ತೆಗೆದು, ಕಲ್ಲನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಬಸಳೆ ಚಪ್ಪರದ ಪಕ್ಕದಲ್ಲಿ ಸಾಲಿಗೆ ಸೇರಿಸುತ್ತಿದ್ದಳು. ಮೊಣಕಾಲೆತ್ತರದ ಕಟ್ಟೆಯಾಗಿತ್ತು ಅದು. ಮಧ್ಯಾಹ್ನ ಅದರ ಮೇಲೆಯೇ ಕೂತು ಅವಳು ಕೈಹೊಲಿಗೆ ಹಾಕುತ್ತಿದ್ದಳು. ಅವಳ ಕೈಯಿಂದ ಯಾರ ಮನೆಗೂ ಒಂದು ಕಲ್ಲೂ ಹೋಗಿರಲಿಲ್ಲ. ಮಾತು ಕೊಡುವ ಅಭ್ಯಾಸವೇ ಅವಳಿಗಿರಲಿಲ್ಲ.

ಮೂವತ್ತೆಂಟನೆಯದು ಹೊಸ್ತಿಲಿಗೆ ತೀರಾ ಹತ್ತಿರ ಬಿದ್ದಿತ್ತು. ರಂಗೋಲಿ ಡಬ್ಬಿ ಹಿಡಿದು ಹೊರಗೆ ಕಾಲಿಟ್ಟ ಅಕ್ಕ ಎಡವಿ ಬಲಗೈ ಮೇಲೆ ಬಿದ್ದಳು. ಮಣಿಕಟ್ಟು ಮುರಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ, ಪ್ಲಾಸ್ಟರು ಹಾಕಿದ ಅವಳ ಕೈಯನ್ನು ನೋಡುತ್ತಾ ನಾನು ಮತ್ತೆ ಬಾಯಿ ತೆಗೆದೆ.

"ಬೇಡ ಕಂಠಿ," ಎಂದಳು ಅಕ್ಕ. ನನ್ನ ಹೆಸರು ಶ್ರೀಕಂಠ. "ಕೊಡಬೇಡ. ನನಗೆ ಎತ್ತೋಕೆ ಕೈಯಿಲ್ಲ ಈಗ."

ಆದರೂ ಕೊಟ್ಟೆ. ಇನ್ನು ಮುಟ್ಟಲ್ಲ ಎಂದೆ. ಅವಳು ಕಣ್ಣು ಮುಚ್ಚಿಕೊಂಡು, ತನ್ನ ಜೀವಮಾನದಲ್ಲಿ ಮೊದಲ ಸಲ ಒಂದು ಮಾತು ಕೊಟ್ಟಳು.

"ಹಾಗಾದರೆ ನಂದೂ ಕೇಳು. ಇನ್ನೊಂದು ಕಲ್ಲು ಬಿದ್ದರೆ, ಆವತ್ತು ಸೂರ್ಯ ಮುಳುಗೋದರೊಳಗೆ ನಾನು ನಿನ್ನ ಬಿಟ್ಟು ಚಿಕ್ಕಮ್ಮನ ಊರಿಗೆ ಹೋಗ್ತೀನಿ. ಇದು ಮಾತು."

ಬೈಗುಳವಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಲೆಕ್ಕವಿಟ್ಟು, ಹಗ್ಗದ ಗಂಟು ಬಿಗಿದ ಹಾಗೆ ಹೇಳಿದ್ದಳು. ನಾನು ಆಸ್ಪತ್ರೆಯಿಂದ ನೇರವಾಗಿ ಹೋದದ್ದು, ನಾಚಿಕೆಯಾಗುತ್ತದೆ ಹೇಳಲು, ಬ್ರಾಂದಿ ಅಂಗಡಿಗೆ. ಕೌಂಟರಿನಲ್ಲಿ ಕೂರುವ ತಿಮ್ಮೇಶ ಕೇಳುವ ಮೊದಲೇ ಬಾಟಲಿಗೆ ಕೈಹಾಕಿದ. ನಾನು ತಲೆಯಾಡಿಸಿ, ಬಿಟ್ಟವರು ಯಾರಾದರೂ ಗೊತ್ತೇ ಎಂದು ಕೇಳಿದೆ. ಅವನು ಬಾಟಲಿಯನ್ನು ಅರ್ಧಕ್ಕೆ ಹಿಡಿದು ನನ್ನನ್ನು ನೋಡಿದ.

"ನನ್ನ ಹತ್ರ ಬಂದು ಕೇಳ್ತಿದ್ದೀರಲ್ಲ ಸಾರ್!"

"ಬೇರೆ ಯಾರನ್ನ ಕೇಳಲಿ? ನಿಮಗೇ ಗೊತ್ತಿರುತ್ತೆ ಯಾರು ಬರೋದು ನಿಲ್ಲಿಸಿದ್ರು ಅಂತ."

"ಅದೂ ಸರಿ." ಬಾಟಲಿಯನ್ನು ವಾಪಸ್ಸಿಟ್ಟ. "ನನ್ನ ನಾಲ್ಕು ಒಳ್ಳೊಳ್ಳೆ ಗಿರಾಕಿಗಳು ಅಲ್ಲಿಗೆ ಹೋಗಿ ಕೆಟ್ಟುಹೋದರು. ಕೆರೆ ಏರಿ ಕೆಳಗೆ ಎಲ್ಲೋ ಸೇರ್ತಾರೆ ಅಂತಾರೆ. ಬಾಗಿಲಿಗೆ ತುತ್ತೂರಿ ನೇತಾಡ್ತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇರಬಹುದು ಅಂದೆ ಅಷ್ಟೇ, ಇದೆ ಅನ್ನಲಿಲ್ಲ. ನಿಮ್ಮ ಬಾಗಿಲಿಗೆ ನನ್ನ ಕಲ್ಲು ಬೀಳೋದು ಬೇಡ."

ಮೊದಲ ಸಂಜೆ ಅಲ್ಲಿ ನಾಲ್ಕು ಬೀದಿ ತಿರುಗಿದೆ, ತುತ್ತೂರಿ ಕಾಣಲಿಲ್ಲ. ಎರಡನೆಯ ಸಂಜೆ ಬ್ಯಾಂಡಿನವರು ಮೆರವಣಿಗೆಗೆ ಹೋಗಿದ್ದರೆಂದು ಆಮೇಲೆ ಗೊತ್ತಾಯಿತು. ಮೂರನೆಯ ಸಂಜೆ ತುತ್ತೂರಿ ಕಂಡಿತು, ನನಗೆ ಕಾಲು ಬರಲಿಲ್ಲ. ಮೂರನೆಯ ಸಲ ಹಿಟ್ಟಿನ ಗಿರಣಿಯ ಕಡೆ ತಿರುಗಿದಾಗ ಒಳಗಿನಿಂದ ಒಂದು ಹೆಂಗಸಿನ ದನಿ ಕೇಳಿಸಿತು. "ಯಾರಪ್ಪ ಅದು? ಚಪ್ಪಲಿ ಸವೆಸೋದು ಸಾಕು, ಒಳಗೆ ಬಾ. ನಾನು ಆರು ಸಲ ಸುತ್ತಿದ್ದೆ."

ಹಾಗೆ ಕರೆದವರು ಸಿಸ್ಟರ್ ಫಿಲೋಮಿನಾ, ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು. ಒಳಗೆ ಡ್ರಮ್ಮುಗಳು, ಮೂಲೆಯಲ್ಲಿ ಪೇರಿಸಿದ ಝರಿ ಕೋಟುಗಳು, ಹಿತ್ತಾಳೆಗೆ ಹಚ್ಚುವ ಪಾಲಿಶಿನ ವಾಸನೆ. ಆರೇಳು ಜನ ವಾದ್ಯದ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಬ್ಯಾಂಡಿನ ಮಾಸ್ತರು ದಸ್ತಗೀರ್ ಸಾಬರು ಎಲ್ಲರಿಗಿಂತ ಹಿರಿಯರು, ದೊಡ್ಡ ಡ್ರಮ್ಮನ್ನು ಮೊಣಕಾಲಿನ ಹತ್ತಿರ ಇಟ್ಟುಕೊಂಡಿದ್ದರು. ನನ್ನನ್ನು ಯಾರೂ ಹೆಸರು ಕೇಳಲಿಲ್ಲ. ಯಾರೋ ಸ್ಟೀಲ್ ಲೋಟದಲ್ಲಿ ಶುಂಠಿ ಕಷಾಯ ಕೊಟ್ಟರು. ಕೈ ನಡುಗುವವರಿಗೆಂದು ಲೋಟವನ್ನು ಅರ್ಧ ಮಾತ್ರ ತುಂಬುವ ಪದ್ಧತಿ ಅಲ್ಲಿ.

"ನಾನು ದಸ್ತಗೀರ್," ಎಂದರು ಸಾಬರು. "ಕುಡುಕ. ಇವತ್ತು ಬೆಳಗ್ಗೆಯಿಂದ ಈ ಗಳಿಗೆವರೆಗೆ ಮುಟ್ಟಿಲ್ಲ."

"ಕೇಳಿದ್ವಿ," ಎಂದರು ಎಲ್ಲರೂ.

ಅಲ್ಲಿನ ಉತ್ತರ ಅದೊಂದೇ. ಭೇಷ್ ಅನ್ನುವುದಿಲ್ಲ, ಅಯ್ಯೋ ಅನ್ನುವುದಿಲ್ಲ. ಸಾಬರು ಒಮ್ಮೆ ಕುಡಿದು ಕ್ಲಾರಿನೆಟ್ ಊದುತ್ತಾ ಮೆರವಣಿಗೆಯ ಮುಂದೆ ನಡೆದು, ಮದುಮಗನನ್ನೂ ಕುದುರೆಯನ್ನೂ ಬೀಗರನ್ನೂ ಬೇರೆ ಯಾರದೋ ಮದುವೆ ಮನೆಗೆ ಸೇರಿಸಿದ್ದನ್ನು ಹೇಳಿದರು. "ಅಲ್ಲಿ ಊಟ ಚೆನ್ನಾಗಿತ್ತು," ಎಂದರು ಸಿಸ್ಟರ್, "ನಾನೂ ಇದ್ದೆ." ಎಲ್ಲರೂ ನಕ್ಕರು. ಆಮೇಲೆ ಸಿಸ್ಟರ್ ತಾವು ಆಸ್ಪತ್ರೆಯ ಸ್ಪಿರಿಟ್ಟಿಗೆ ನೀರು ಬೆರೆಸಿ ಕುಡಿದ ವರ್ಷಗಳನ್ನು ಹೇಳಿದಾಗ ಯಾರೂ ನಗಲಿಲ್ಲ. "ಕೇಳಿದ್ವಿ" ಎಂದರು. ಆ ಒಂದು ಪದ ಬಿದ್ದ ಮೇಲೆ ಬರುವ ಮೌನ ನನಗೆ ಹೊಸದು. ನಾನು ತುಂಬಾ ಥರದ ಮೌನಗಳನ್ನು ಬಲ್ಲೆ. ಅಕ್ಕ ಕಲ್ಲು ಹೊತ್ತು ಹೋಗುವಾಗಿನದು, ಪ್ರೆಸ್ಸಿನಲ್ಲಿ ನನ್ನ ಬಾಯಿ ವಾಸನೆ ಬಂದಾಗ ಜೊತೆಯವರು ತಲೆ ತಗ್ಗಿಸುವಾಗಿನದು. ಅವೆಲ್ಲ ನನ್ನನ್ನು ಹೊರಗಿಡುತ್ತಿದ್ದವು. ಇದು ಪಕ್ಕಕ್ಕೆ ಸರಿದು ನನಗೊಂದಿಷ್ಟು ಜಾಗ ಬಿಟ್ಟುಕೊಟ್ಟ ಹಾಗಿತ್ತು.

ನನ್ನ ಸರದಿ ಬಂತು. "ನಾನು ಶ್ರೀಕಂಠ. ಕುಡುಕ. ನಾಲ್ಕು ದಿನದಿಂದ ಮುಟ್ಟಿಲ್ಲ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಇನ್ನು ಮುಂದೆ ಯಾವತ್ತೂ..."

ಧಂ! ಎಂದು ಡ್ರಮ್ಮು ಮೊಳಗಿತು. ನನ್ನ ಕಷಾಯ ಚೆಲ್ಲಿತು.

"ಅದು ಇಲ್ಲಿ ಇಲ್ಲ," ಎಂದರು ಸಾಬರು, ನಗುತ್ತಲೇ. "ಇಲ್ಲಿ ಮಾತು ಕೊಡಬಾರದು, ತಗೊಳ್ಳಲೂಬಾರದು. ನಾವೆಲ್ಲ ಮಾತು ಕೊಟ್ಟು ಕೊಟ್ಟೇ ಇಲ್ಲಿಗೆ ಬಂದವರು. ನಿನ್ನೆದು ಹೇಳು, ಇವತ್ತಿಂದು ಹೇಳು. ನಾಳೆದು ನಾಳೆ ಹೇಳಿದರಾಯ್ತು. ಇನ್ನೊಂದು, ಈ ಬಾಗಿಲೊಳಗೆ ಕೇಳಿದ್ದು ಬಾಗಿಲಾಚೆ ಹೋಗಬಾರದು. ಹೆಂಡತಿಗೂ ಇಲ್ಲ, ದೇವರಿಗೂ ಇಲ್ಲ."

"ಅಕ್ಕನಿಗೆ ಆಸ್ಪತ್ರೆಯಲ್ಲಿ ಒಂದು ಕೊಟ್ಟುಬಿಟ್ಟಿದ್ದೀನಿ," ಎಂದೆ.

"ಕೊಟ್ಟಿದ್ದು ಕೊಟ್ಟಾಯ್ತು. ಅದನ್ನ ಹೊತ್ಕೋ. ಹೊಸದು ಕೊಡಬೇಡ."

ಹೊರಡುವಾಗ ಯಾರೂ ನಾಳೆ ಬಾ ಎನ್ನಲಿಲ್ಲ. ಸಿಸ್ಟರ್ ತಮ್ಮ ಪಕ್ಕದ ಪೆಟ್ಟಿಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ನನ್ನ ಮುಖ ನೋಡಿದರು, ಅಷ್ಟೇ.

ನಾನು ಹೋಗತೊಡಗಿದೆ. ತುತ್ತೂರಿ ಇದ್ದ ಸಂಜೆಗಳಲ್ಲಿ ಒಳಗೆ ಕೂರುತ್ತಿದ್ದೆ, ಇಲ್ಲದ ಸಂಜೆಗಳಲ್ಲಿ ಹಿಟ್ಟಿನ ಗಿರಣಿಯವರೆಗೆ ನಡೆದು ಮನೆಗೆ ಬರುತ್ತಿದ್ದೆ. ಮನೆಯಲ್ಲಿ ಅಕ್ಕನಿಗೆ ಒಂದೇ ಮಾತು ಹೇಳುತ್ತಿದ್ದೆ, "ಇವತ್ತು ಮುಟ್ಟಿಲ್ಲ." ಅವಳು ಮೊದಮೊದಲು ಎಡಗೈಯಲ್ಲಿ ತಟ್ಟೆ ಮುಂದಿಡುತ್ತಿದ್ದಳು, ಅಷ್ಟೇ. ಪ್ಲಾಸ್ಟರು ಬಿಚ್ಚಿದ ಮೇಲೆ, ಮಣಿಕಟ್ಟು ತಿರುಗಿಸಿ ನೋಡಿಕೊಳ್ಳುತ್ತಾ, "ಸರಿ, ಕೈಕಾಲು ತೊಳ್ಕೊ" ಎನ್ನತೊಡಗಿದಳು. ಹೊಲಿಗೆ ಮಿಶಿನ್ನಿನ ಸದ್ದು ಮತ್ತೆ ಶುರುವಾಯಿತು.

ಸಭೆಯಿಂದ ವಾಪಸ್ಸು ಬರುವಾಗ ನಮ್ಮ ಬೀದಿಯ ತಿರುವಿನವರೆಗೆ ನನ್ನ ಜೊತೆ ಒಬ್ಬರು ನಡೆದು ಬರುತ್ತಿದ್ದರು. ಅವರನ್ನು ಇಲ್ಲಿ ಹಾಲಪ್ಪ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಗರಗಸದ ಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸ, ರೆಪ್ಪೆಯ ಮೇಲೆ ಯಾವಾಗಲೂ ಹೊಟ್ಟಿನ ಪುಡಿ. ಎಂಟು ತಿಂಗಳಿನಿಂದ ಮುಟ್ಟಿರಲಿಲ್ಲ. ಅವರ ಮಗಳಿಗೆ ಗಂಡು ಗೊತ್ತಾಗಿತ್ತು. ನಿಶ್ಚಿತಾರ್ಥದ ರವಿಕೆಯನ್ನು ಹೊಲಿಯುತ್ತಿದ್ದವಳು ನಮ್ಮ ಅಕ್ಕನೇ.

ನಿಶ್ಚಿತಾರ್ಥದ ಹಿಂದಿನ ಸಂಜೆ ಅವರು ತಿರುವಿನ ಹತ್ತಿರ ನಿಂತು ಹೇಳಿದರು, "ಗಂಡಿನ ಸೋದರಮಾವ ಬಾಟಲಿ ತರ್ತಾನಂತೆ ಸ್ವಾಮಿ. ಬೀಗರ ಜೊತೆ ಒಂದು ಗುಟುಕು ಹಾಕದೇ ಇದ್ದರೆ, ಇವನಿಗೇನೋ ಇದೆ ಅಂತ ಕೇಳ್ತಾರೆ. ಹಾಕಿದರೆ ನಾನಿಲ್ಲ."

ಅವರ ಭಯ ನನಗೆ ಅಂಟಿತು. ಎಂಟು ತಿಂಗಳಿನ ಇವರೇ ಹೀಗೆ ಹೆದರಿದರೆ ನನ್ನ ಗತಿಯೇನು? ಅವರು ಗಟ್ಟಿಯಾಗಿ ನಿಲ್ಲುವುದು ಅವರಿಗಿಂತ ಹೆಚ್ಚಾಗಿ ನನಗೆ ಬೇಕಾಗಿತ್ತು.

"ನಾಳೆ ಮುಟ್ಟಲ್ಲ ಅಂತ ನನಗೊಂದು ಮಾತು ಕೊಡಿ," ಎಂದೆ.

ಹಾಲಪ್ಪ ಬೆಚ್ಚಿ ನೋಡಿದರು. "ಸಾಬರಿಗೆ ಗೊತ್ತಾದರೆ?"

"ಇಲ್ಲಿ ಡ್ರಮ್ಮು ಎಲ್ಲಿದೆ?"

ಅವರು ನಕ್ಕರು. ಬೇಡವೆನ್ನುವ ಮನಸ್ಸು ಅವರ ಮುಖದಲ್ಲಿತ್ತು, ಆದರೆ ನಾನು ಕೈ ಚಾಚಿಬಿಟ್ಟಿದ್ದೆ. ಒರಟು ಅಂಗೈಯನ್ನು ನನ್ನ ಅಂಗೈ ಮೇಲಿಟ್ಟು, "ಆಯ್ತು. ನಾಳೆ ಮುಟ್ಟಲ್ಲ" ಎಂದರು. ಮೈಮೇಲಿನ ಭಾರ ಇಳಿದ ಹಾಗಾಯಿತು ನನಗೆ. ಅಕ್ಕ ಮೂವತ್ತೆಂಟು ಸಲ ನನ್ನ ಮಾತನ್ನು ಯಾಕೆ ನಂಬುತ್ತಿದ್ದಳು ಎಂದು ಆಗ ತಿಳಿಯಿತು. ಆ ಮಾತು ಕೇಳಿಸಿಕೊಂಡ ಗಳಿಗೆಯಲ್ಲಿ ಅಷ್ಟು ಹಿತವಾಗಿರುತ್ತದೆ.

ಅದಾದ ಮೂರನೆಯ ದಿನದ ಬೆಳಗ್ಗೆ "ಕಂಠಿ" ಎಂದು ಅಕ್ಕ ಕರೆದಳು. ಜೋರಾಗಿ ಕರೆಯಲಿಲ್ಲ. ಆ ದನಿಯಲ್ಲೇ ನನಗೆ ಗೊತ್ತಾಯಿತು. ಎದ್ದು ಹೋದೆ. ಹೊಸ್ತಿಲಿನಿಂದ ಎರಡು ಅಡಿ ಆಚೆ, ಸಾರಿಸಿದ ನೆಲದ ಮೇಲೆ ಕಲ್ಲು ಕೂತಿತ್ತು. ಅಕ್ಕ ರಂಗೋಲಿ ಡಬ್ಬಿಯನ್ನು ಎದೆಗೊತ್ತಿ ಹಿಡಿದು ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಅದು ನಾನು ಮುಟ್ಟದ ನೂರ ಹನ್ನೆರಡನೆಯ ದಿನ.

ನನ್ನದಲ್ಲವೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಕಲ್ಲೆಂದರೆ ನನ್ನದೇ ಎಂಬ ಅಭ್ಯಾಸ. ನಿನ್ನೆಯ ದಿನವನ್ನು ಬೆಳಗ್ಗೆಯಿಂದ ಸಂಜೆಯವರೆಗೆ ನೆನೆದುಕೊಂಡೆ. ಪ್ರೆಸ್ಸು, ಬ್ಯಾಂಡಿನ ಅಂಗಡಿ, ಮನೆ. ಆಮೇಲೆ ಹಾಲಪ್ಪನವರ ಅಂಗೈ ನೆನಪಾಯಿತು. ನಿನ್ನೆ ಅವರು ಸಭೆಗೆ ಬಂದಿರಲಿಲ್ಲ. ಮೊನ್ನೆ ಆಗಬೇಕಿದ್ದ ನಿಶ್ಚಿತಾರ್ಥ ಒಂದು ದಿನ ಮುಂದಕ್ಕೆ ಹೋಗಿ ನಿನ್ನೆ ನಡೆಯಿತೆಂದು ಸಿಸ್ಟರ್ ಹೇಳಿದ್ದರು. ನಾಳೆ ಎಂದು ನಾವು ಕೈ ಮೇಲೆ ಕೈಯಿಟ್ಟದ್ದು ಆ ಶಾಸ್ತ್ರದ ದಿನಕ್ಕೇ ಹೊರತು ಪಂಚಾಂಗದ ದಿನಕ್ಕಲ್ಲವೆಂದು ಕಲ್ಲಿಗೂ ತಿಳಿದಿತ್ತು.

ಹೇಳಬಹುದಿತ್ತು. 'ಇದು ನಂದಲ್ಲ ಅಕ್ಕಾ' ಎನ್ನಬಹುದಿತ್ತು. ಆದರೆ ಆ ಮಾತನ್ನು ನಾನು ನಾಲಿಗೆ ತೊದಲುತ್ತಾ, ಗೋಡೆ ಹಿಡಿದು ನಿಂತು ಎಷ್ಟೋ ಸಲ ಹೇಳಿದ್ದೆ. ಹೇಳಿದರೂ ಅವಳು ಕೇಳುವುದು, ಮತ್ತೆ ಯಾರದು ಎಂದು. ನನ್ನ ಜೊತೆ ತಿರುವಿನವರೆಗೆ ನಡೆದು ಬರುವವರು ಒಬ್ಬರೇ, ಅದು ಅವಳಿಗೆ ಗೊತ್ತು. ಹುಡುಗಿಯ ರವಿಕೆಯ ಬಟ್ಟೆಚೂರು ಇನ್ನೂ ಮಿಶಿನ್ನಿನ ಕೆಳಗೇ ಬಿದ್ದಿತ್ತು. ಬಾಗಿಲೊಳಗೆ ಕೇಳಿದ್ದು ಬಾಗಿಲಾಚೆ ಹೋಗಬಾರದು. ಅದಕ್ಕಿಂತ ಹೆಚ್ಚಾಗಿ, ಕೇಳಬಾರದ ಮಾತನ್ನು ಕೈಚಾಚಿ ಕೇಳಿದವನು ನಾನು. ಆ ಕಲ್ಲು ಬೇರೆ ಯಾರದು ಎಂದು ಹೇಳಿ ನಾನು ಪಕ್ಕಕ್ಕೆ ಸರಿಯುವ ಹಾಗಿರಲಿಲ್ಲ.

ಬಗ್ಗಿ ಕಲ್ಲನ್ನು ಎತ್ತಿಕೊಂಡೆ. ಬೆಚ್ಚಗಿತ್ತು. ಕೋಳಿ ಎದ್ದುಹೋದ ಮೇಲಿನ ಮೊಟ್ಟೆಯಷ್ಟು ಬೆಚ್ಚಗೆ. ಮೂವತ್ತೆಂಟು ಸಲ ಈ ಬಿಸಿ ಅಕ್ಕನ ಕೈಗೆ ತಾಗಿತ್ತು, ಅವಳು ಯಾವತ್ತೂ ಹೇಳಿರಲಿಲ್ಲ. ಹಿತ್ತಲಿಗೆ ಹೋಗಿ ಕಟ್ಟೆಯ ಕೊನೆಗೆ ಇಟ್ಟೆ. ವಾಪಸ್ಸು ಬಂದಾಗ ಅಕ್ಕ ಅಟ್ಟದಿಂದ ಟ್ರಂಕು ಇಳಿಸುತ್ತಿದ್ದಳು. ಮಣಿಕಟ್ಟಿಗೆ ಭಾರ ಬೀಳಬಾರದೆಂದು ನಾನೇ ಹಿಡಿದು ಇಳಿಸಿಕೊಟ್ಟೆ. ಅವಳು ಸೀರೆ ಮಡಿಸತೊಡಗಿದಳು. ನಾನು ಸ್ನಾನ ಮಾಡಿ ಪ್ರೆಸ್ಸಿಗೆ ಹೋದೆ.

ಮಧ್ಯಾಹ್ನ ರಜೆ ಕೇಳಿಕೊಂಡು ಗರಗಸದ ಮಿಲ್ಲಿಗೆ ಹೋದೆ. ಹಾಲಪ್ಪ ಹೊಟ್ಟಿನ ರಾಶಿಯ ಹಿಂದೆ ಗೋಡೆಗೆ ಮುಖಮಾಡಿ ಕೂತಿದ್ದರು. ನನ್ನನ್ನು ಕಂಡವರೇ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

"ಬಿತ್ತಾ ಸ್ವಾಮಿ?"

"ಬಿತ್ತು."

"ನಿಮ್ಮಕ್ಕನೋರು ನೋಡಿದರಾ?"

"ನೋಡಿದಳು."

"ಏನಂದ್ಕೊಂಡ್ರು?" ಎಂದು ಕೇಳಿ, ಉತ್ತರ ತಮಗೇ ಹೊಳೆದು, ಟವೆಲ್ಲು ತೆಗೆದು ನನ್ನನ್ನೇ ನೋಡಿದರು. "ನಾನು ಬಂದು ಹೇಳ್ತೀ..."

"ಧಂ," ಎಂದೆ ನಾನು. ಬಾಯಿಂದಲೇ. ಅವರು ನಗಲು ಹೋಗಿ ಅತ್ತುಬಿಟ್ಟರು. ಅಳು ನಿಲ್ಲುವವರೆಗೆ ಪಕ್ಕದಲ್ಲಿ ಕೂತಿದ್ದೆ. ಸಂಜೆ ಐದೂವರೆಗೆ ಇಬ್ಬರೂ ಎದ್ದು ಕೆರೆ ಏರಿಯ ಕಡೆ ನಡೆದೆವು. ತುತ್ತೂರಿ ಇತ್ತು.

"ನಾನು ಹಾಲಪ್ಪ. ಕುಡುಕ. ನಿನ್ನೆ ಕುಡಿದೆ. ಇವತ್ತು ಮುಟ್ಟಿಲ್ಲ."

"ಕೇಳಿದ್ವಿ."

ನನ್ನ ಸರದಿಯಲ್ಲಿ, "ನಾನು ಒಬ್ಬರ ಹತ್ತಿರ ಮಾತು ತಗೊಂಡೆ" ಎಂದೆ. ಸಾಬರ ಕೈ ಡ್ರಮ್ಮಿನ ಮೇಲಿತ್ತು, ಬಾರಿಸಲಿಲ್ಲ. ಆ ಚರ್ಮವನ್ನು ಸುಮ್ಮನೆ ಸವರಿದರು. "ಕೊಡೋದು ಬಿಟ್ಟವನಿಗೆ ತಗೊಳ್ಳೋ ಚಟ ಹತ್ಕೊಳ್ಳುತ್ತೆ," ಎಂದರು. "ನನಗೂ ಹತ್ತಿತ್ತು." ಆಮೇಲೆ ಎಲ್ಲರೂ ಕೇಳಿದ್ವಿ ಎಂದರು.

ಮನೆಗೆ ಬರುವಾಗ ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಬೀಗ ಹಾಕಿರುತ್ತದೆ ಎಂದುಕೊಂಡೇ ತಿರುವು ದಾಟಿದೆ. ಜಗಲಿಯ ಮೇಲೆ ಟ್ರಂಕು ಇತ್ತು. ಅದರ ಪಕ್ಕದಲ್ಲಿ ಚಪ್ಪಲಿ ಹಾಕಿಕೊಂಡೇ ಅಕ್ಕ ಕೂತಿದ್ದಳು.

"ಬಸ್ಸು?" ಎಂದೆ.

"ಹೋಯ್ತು. ಮೂರೂ ಹೋದವು."

ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಅವಳು ಬೀದಿಯನ್ನು ನೋಡುತ್ತಲೇ ಹೇಳಿದಳು. "ಪ್ರತಿ ಸಲ ಕಾಲು ಹಿಡ್ಕೊಂಡು ಅಳ್ತಿದ್ದೆ. ಇನ್ನೊಂದು ಮಾತು ಕೊಡ್ತಿದ್ದೆ. ಇವತ್ತೂ ಹಾಗೇ ಮಾಡಿದ್ದರೆ ಮೊದಲನೇ ಬಸ್ಸಿಗೇ ಹತ್ತಿರ್ತಿದ್ದೆ ನೋಡು. ನೀನು ಏನೂ ಹೇಳಲಿಲ್ಲ. ಕಲ್ಲು ನೀನೇ ಎತ್ಕೊಂಡು ಹೋದೆ. ನನ್ನ ಟ್ರಂಕೂ ಇಳಿಸಿಕೊಟ್ಟೆ. ಇವನಿಗೇನಾಯ್ತು ಅಂತ ಯೋಚನೆ ಮಾಡ್ತಾ ಕೂತೆ, ಹೊತ್ತು ಹೋಗಿದ್ದೇ ತಿಳೀಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಇವತ್ತು?"

"ಇವತ್ತು ಮುಟ್ಟಿಲ್ಲ."

"ಸರಿ. ಕೈಕಾಲು ತೊಳ್ಕೊ."

ಮರುದಿನ ಬೆಳಗ್ಗೆ ಅವಳ ನಗು ಕೇಳಿ ನನಗೆ ಎಚ್ಚರವಾಯಿತು. ಹೊಸ್ತಿಲ ಮುಂದೆ ಮತ್ತೊಂದು ಕಲ್ಲು. ಅಕ್ಕ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೈದಡವುವ ಹಾಗೆ ಅಂಗೈಯಿಟ್ಟು ನೋಡುತ್ತಿದ್ದಳು. "ಇದು ನಂದು ಕಣೋ," ಎಂದಳು. "ಹೋಗ್ತೀನಿ ಅಂದಿದ್ದೆನಲ್ಲ. ಐವತ್ತೊಂದು ವರ್ಷಕ್ಕೆ ನಂದೂ ಒಂದು ಬಿತ್ತು." ಎತ್ತಲು ಹೋದವಳನ್ನು ತಡೆದು ನಾನೇ ಎತ್ತಿಕೊಂಡೆ. ಅದು ನನಗೆ ಕೊಟ್ಟ ಮಾತಿನದು, ಹೊರಬೇಕಾದವನು ನಾನು. ಅದೂ ಅಷ್ಟೇ ಬೆಚ್ಚಗಿತ್ತು. ಹಿತ್ತಲಿನಲ್ಲಿ ನಿನ್ನೆಯ ಕಲ್ಲಿನ ಪಕ್ಕಕ್ಕೆ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಎರಡನ್ನೂ ಬೇರೆ ಬೇರೆ ಎಂದು ಹೇಳುವುದಕ್ಕೆ ಆಗುತ್ತಿರಲಿಲ್ಲ.

ಆಮೇಲೆ ನಮ್ಮ ಮನೆಯ ಮುಂದೆ ಕಲ್ಲು ಬಿದ್ದಿಲ್ಲ. ಇದು ಇವತ್ತಿನವರೆಗಿನ ಮಾತು. ಹಾಲಪ್ಪನವರ ಮಗಳ ಮದುವೆ ನಡೆಯಿತು, ಕಾಗದದ ಕರಡು ನಾನೇ ತಿದ್ದಿದೆ, ಸಾಬರ ಬ್ಯಾಂಡು ಸರಿಯಾದ ಮನೆಗೇ ಹೋಯಿತು. ನಾನು ಬಿಟ್ಟು ವರ್ಷ ತುಂಬಿದ ದಿನ ಬ್ಯಾಂಡಿನ ಅಂಗಡಿಯಲ್ಲಿ ಸಿಸ್ಟರ್ ಎಲ್ಲರಿಗೂ ಒಂದೊಂದು ಬೆಣ್ಣೆ ಬಿಸ್ಕತ್ತು ಹಂಚಿದರು. ಆ ಸಂಜೆ ಮನೆಯಲ್ಲಿ ಎಂದಿನ ಹಾಗೆ ಅನ್ನ ಸಾರು. ಅಕ್ಕನ ಲೆಕ್ಕ ಬೇರೆ. ಅವಳು ಎಣಿಸುವುದು ಹಾಲಪ್ಪನವರ ಕಲ್ಲು ಬಿದ್ದ ಬೆಳಗ್ಗೆಯಿಂದ. ನನ್ನ ವರ್ಷ ತುಂಬಿ ನೂರ ಹನ್ನೆರಡು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಶ್ಯಾವಿಗೆ ಪಾಯಸ ಮಾಡಿ, ಬಟ್ಟಲನ್ನು ನನ್ನ ಮುಂದಿಟ್ಟು, "ಇವತ್ತಿಗೆ ಒಂದು ವರ್ಷ ಕಣೋ, ಆವತ್ತು ಒಂದು ದಿನ ಜಾರಿದೆಯಲ್ಲ, ಅಲ್ಲಿಂದ" ಎಂದಳು. ಅವಳ ಮುಖ ಹೊಸದಾಗಿ ಹೊಲಿದ ಬಟ್ಟೆಯ ಹಾಗಿತ್ತು. ನಾನು ಪಾಯಸ ತಿಂದೆ. ಇನ್ನೊಂದು ಸೌಟು ಹಾಕಿಸಿಕೊಂಡೆ.

ಪ್ರತಿ ವರ್ಷ ಆ ದಿನ ಪಾಯಸವಾಗುತ್ತದೆ, ಪ್ರತಿ ವರ್ಷ ತಿನ್ನುತ್ತೇನೆ. ಆ ದಿನ ನಾನು ಜಾರಿರಲಿಲ್ಲ ಎಂದು ಅಕ್ಕನಿಗೆ ಹೇಳಲೇ ಇಲ್ಲ.